ಒಟಿಟಿ ಚಂದಾ ಸಾಕಾಯ್ತಾ? ಬೇರೆ ದಾರಿಗಳಲ್ಲಿ ಯಾವುದು ಯಾರಿಗೆ

ನಾನೂ ಅಮ್ಮನೂ ಒಂದು ಪತ್ತೇದಾರಿ ಸರಣಿ ನೋಡುತ್ತಿದ್ದೆವು. ರಾತ್ರಿಗೆ ಒಂದೇ ಕಂತು, ಅದಕ್ಕಿಂತ ಜಾಸ್ತಿ ಇಲ್ಲ ಅನ್ನುವುದು ಅಮ್ಮನ ಕಾನೂನು. ಮೂರನೇ ಸೀಸನ್ನಿನ ನಾಲ್ಕನೇ ಕಂತು ಮುಗಿಸಿ ಮಲಗಿದೆವು. ಮರುದಿನ ಟಿವಿ ಹಾಕಿದರೆ ಸರಣಿಯೇ ಇಲ್ಲ. ಹೆಸರು ಹಾಕಿ ಹುಡುಕಿದೆ. ಆ್ಯಪ್ ಮುಚ್ಚಿ ತೆರೆದೆ. ಟಿವಿಯನ್ನೇ ಆಫ್ ಮಾಡಿ ಆನ್ ಮಾಡಿದೆ. ಅದಿದ್ದ ಜಾಗದಲ್ಲಿ, ನಾನು ಎಂದೋ ಎರಡು ನಿಮಿಷ ನೋಡಿ ಬಿಟ್ಟಿದ್ದ ರಿಯಾಲಿಟಿ ಶೋ ಒಂದು ಬಂದು ಕೂತಿತ್ತು. ಆಮೇಲೆ ಗೊತ್ತಾಯಿತು, ಹಕ್ಕಿನ ಅವಧಿ ಮುಗಿದು ಸರಣಿ ಇನ್ನೊಂದು ಸೇವೆಗೆ ಹೋಗಿದೆ. ಅಲ್ಲಿಗೆ ಬೇರೆ ಚಂದಾ.

"ದುಡ್ಡು ಕಟ್ಟಿದ್ದೀವಲ್ಲೋ! ಕೊಂದೋನು ಯಾರು ಅಂತ ಈಗ ಗೊತ್ತಾಗೋದು ಹೇಗೆ?" ಅಂದಳು ಅಮ್ಮ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ಕೂತು ಎಣಿಸಿದೆ. ಮನೆಯಲ್ಲಿ ನಾಲ್ಕು ಚಂದಾ ಓಡುತ್ತಿದ್ದವು. ಅದರಲ್ಲಿ ಒಂದನ್ನು ತೆರೆದು ಏಳು ತಿಂಗಳಾಗಿತ್ತು! ಅಲ್ಲಿಂದ ಒಂದೂವರೆ ವರ್ಷ ಬೇರೆ ಬೇರೆ ದಾರಿ ಹಿಡಿದು ನೋಡಿದೆ. ಕೆಲವು ನಿಂತವು, ಕೆಲವು ಬಿದ್ದವು. ಅದರ ಹೋಲಿಕೆ ಇದು.

ಸಿಟ್ಟಿಗೆ ಕಾರಣ ಇದೆ

ಸುಮ್ನೆ ಗೊಣಗುವವರು ಅಂತ ನಮ್ಮನ್ನು ತಳ್ಳಿಹಾಕುವ ಹಾಗಿಲ್ಲ. ನೆಟ್‌ಫ್ಲಿಕ್ಸ್ 2007ರಲ್ಲಿ ಸ್ಟ್ರೀಮಿಂಗ್ ಶುರು ಮಾಡಿದ ಮೇಲೆ ಕೆಲವು ವರ್ಷ ಒಂದೇ ಕಡೆ ಬಹಳಷ್ಟು ಸಿಗುತ್ತಿತ್ತು. ಸ್ಟುಡಿಯೋಗಳು ತಮ್ಮ ಸರಕನ್ನು ಅದಕ್ಕೆ ಬಾಡಿಗೆಗೆ ಕೊಟ್ಟಿದ್ದವು. ಆಮೇಲೆ ಅವಕ್ಕೂ ಅನ್ನಿಸಿತು, ಅಂಗಡಿ ನಾವೇ ಇಟ್ಟರೆ ಹೇಗೆ ಅಂತ. 2019ರ ನವೆಂಬರ್‌ನಲ್ಲಿ ಡಿಸ್ನಿ ಪ್ಲಸ್ ಮತ್ತು ಆ್ಯಪಲ್ ಟಿವಿ ಪ್ಲಸ್ ಬಂದವು. 2020ರಲ್ಲಿ ಎಚ್‌ಬಿಒ ಮ್ಯಾಕ್ಸ್, ಪೀಕಾಕ್. ಒಬ್ಬೊಬ್ಬರೂ ತಮ್ಮ ಚಿತ್ರಗಳನ್ನು ವಾಪಸ್ ಎಳೆದುಕೊಂಡರು. ಒಂದು ಚಂದಾ ಇದ್ದ ಕಡೆ ಐದು ಬೇಕಾಯಿತು.

ಜಾಹೀರಾತು ಇಲ್ಲ ಅನ್ನುವುದೇ ಇವರ ದೊಡ್ಡ ಹೆಮ್ಮೆಯಾಗಿತ್ತು. 2022ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಜಾಹೀರಾತಿನ ಪ್ಲಾನ್ ತಂದಿತು. ಅದಾದರೂ ಕಡಿಮೆ ದುಡ್ಡಿನ ಬೇರೆ ಪ್ಲಾನ್. 2024ರ ಜನವರಿ 29ರಂದು ಅಮೆರಿಕದಲ್ಲಿ ಪ್ರೈಮ್ ವಿಡಿಯೋ ಮಾಡಿದ್ದು ಇನ್ನೂ ಚೆನ್ನಾಗಿದೆ. ಇದ್ದ ಚಂದಾದೊಳಕ್ಕೇ ಜಾಹೀರಾತು ತೂರಿಸಿ, ಬೇಡ ಅನ್ನುವವರು ಇನ್ನಷ್ಟು ಕೊಡಿ ಅಂದಿತು. ಇನ್ನು ಪಾಸ್‌ವರ್ಡ್ ವಿಷಯ. ಪ್ರೀತಿ ಅಂದರೆ ಪಾಸ್‌ವರ್ಡ್ ಹಂಚಿಕೊಳ್ಳುವುದು ಅಂತ 2017ರಲ್ಲಿ ಟ್ವೀಟ್ ಮಾಡಿದ್ದು ಇದೇ ನೆಟ್‌ಫ್ಲಿಕ್ಸ್. 2023ರ ಮೇ ಹೊತ್ತಿಗೆ ಆ ಪ್ರೀತಿ ಮುಗಿದಿತ್ತು. ನೂರಕ್ಕೂ ಹೆಚ್ಚು ದೇಶಗಳಲ್ಲಿ, ಮನೆಯಾಚೆಗಿನವರಿಗೆ ಬೇರೆ ದುಡ್ಡು ಕಟ್ಟಿ ಅಂತ ನೋಟಿಸ್ ಹೋಯಿತು.

ಕಣ್ಣಿಗೆ ಬೀಳದ ಒಂದು ಮೋಸವೂ ಇದೆ. ಮೋಸ ಅನ್ನಬಾರದೇನೋ, ಷರತ್ತಿನಲ್ಲಿ ಬರೆದಿರುತ್ತಾರೆ. ಆ್ಯಂಡ್ರಾಯ್ಡ್ ಫೋನು, ಟಿವಿ ಬಾಕ್ಸ್‌ಗಳಲ್ಲಿ ವೈಡ್‌ವೈನ್ ಅನ್ನುವ ಬೀಗದ ವ್ಯವಸ್ಥೆ ಇರುತ್ತದೆ. ಅದರಲ್ಲಿ ಎಲ್1, ಎಲ್3 ಅಂತ ಮಟ್ಟಗಳಿವೆ. ಎಲ್1 ಅಂದರೆ ಬೀಗ ಚಿಪ್ಪಿನೊಳಗೇ ಇದೆ, ಎಲ್3 ಅಂದರೆ ಬರೀ ಸಾಫ್ಟ್‌ವೇರಿನ ಬೀಗ. ನಿಮ್ಮ ಬಾಕ್ಸ್ ಎಲ್3 ಆಗಿದ್ದರೆ ಸಾಮಾನ್ಯವಾಗಿ 480ಪಿ ಹತ್ತಿರದ ಚಿತ್ರವಷ್ಟೇ ಬರುತ್ತದೆ. ನೀವು 4ಕೆ ಪ್ಲಾನಿಗೆ ದುಡ್ಡು ಕಟ್ಟಿದ್ದರೂ ಅಷ್ಟೇ. ಕಳ್ಳ ಕಾಪಿ ನೋಡುವವನಿಗೆ 4ಕೆ, ದುಡ್ಡು ಕಟ್ಟಿದವನಿಗೆ ಮಸುಕು. ಇದನ್ನು ಯಾರಿಗೆ ಹೇಳೋಣ?

ಮೊದಲು ಒಂದು ಚೀಟಿ ಬರೆಯಿರಿ

ಯಾವ ಸೇವೆಯಲ್ಲಿ ಎಷ್ಟು ಸಾವಿರ ಚಿತ್ರ ಇದೆ ಅಂತ ಹೋಲಿಸುವುದು ದಂಡ. ನೋಡುವವರು ನೀವು, ಲೆಕ್ಕ ನಿಮ್ಮಿಂದ ಶುರುವಾಗಬೇಕು. ಬಹಳಷ್ಟು ಸೇವೆಗಳ ಅಕೌಂಟ್ ಪುಟದಲ್ಲಿ ನೀವು ಏನೇನು ನೋಡಿದ್ದೀರಿ ಅನ್ನುವ ಪಟ್ಟಿ ಸಿಗುತ್ತದೆ. ಮೂರು ತಿಂಗಳದ್ದು ತೆಗೆಯಿರಿ. ಒಂದೊಂದರ ಮುಂದೆಯೂ ಗುರುತು ಹಾಕಿ. ಒಮ್ಮೆ ನೋಡಿ ಬಿಡುವಂಥದ್ದಾ, ಮತ್ತೆ ಮತ್ತೆ ನೋಡುವಂಥದ್ದಾ, ಇಲ್ಲ ಏನೋ ಒಂದು ಓಡುತ್ತಿರಲಿ ಅಂತ ಹಾಕಿದ್ದಾ?

ನಾನು ಬರೆದಾಗ ನನಗೇ ನಾಚಿಕೆಯಾಯಿತು. ಅರ್ಧಕ್ಕರ್ಧ ಹಳೆಯದನ್ನೇ ತಿರುಗಿಸಿ ನೋಡಿದ್ದೆ. ಒಂದೇ ಹಾಸ್ಯ ಸರಣಿ, ಅದೇ ನಾಲ್ಕೈದು ಚಿತ್ರಗಳು. ಬಟ್ಟೆ ಮಡಚುವಾಗ ಹಾಕಿಕೊಂಡಿದ್ದು ಒಂದಷ್ಟು. ಹೊಸದು ಅಂತ, ಆಸೆಪಟ್ಟು ಕೂತು ನೋಡಿದ್ದು ಮೂರು ತಿಂಗಳಲ್ಲಿ ಐದು. ಆ ಐದಕ್ಕೆ ನಾಲ್ಕು ಚಂದಾ!

ಈ ಮೂರು ರಾಶಿಗೂ ಒಂದೇ ಮದ್ದು ಇಲ್ಲ. ಒಮ್ಮೆ ನೋಡಿ ಬಿಡುವುದನ್ನು ಬಾಡಿಗೆಗೆ ತರಬೇಕು. ಮತ್ತೆ ಮತ್ತೆ ನೋಡುವುದು ಕೈಯಲ್ಲೇ ಇರಬೇಕು. ಸುಮ್ನೆ ಓಡುತ್ತಿರುವುದಕ್ಕೆ ದುಡ್ಡು ಕೊಡಲೇಬಾರದು. ಮುಂದೆ ಹೇಳುವುದೆಲ್ಲ ಈ ಮೂರು ಮಾತಿನ ಮೇಲೇ ನಿಂತಿದೆ. ಹಾಗಾಗಿ ಚೀಟಿ ಬರೆಯದೆ ಮುಂದೆ ಓದಬೇಡಿ ಅನ್ನಬೇಕು. ಓದ್ತೀರಿ ಅಂತ ಗೊತ್ತು, ಇರಲಿ.

ಪೂರ್ತಿ ಬಿಡಬೇಕಿಲ್ಲ: ಸರದಿ ಹಾಕಿ

ಎಲ್ಲಕ್ಕಿಂತ ಸುಲಭದ ದಾರಿ ಇದು. ಒಂದು ಹೊತ್ತಿಗೆ ಒಂದೇ ಚಂದಾ. ಈ ತಿಂಗಳು ಒಂದು ಸೇವೆ, ನೋಡಬೇಕಾದ್ದು ಮುಗಿಸಿ ರದ್ದು, ಮುಂದಿನ ತಿಂಗಳು ಇನ್ನೊಂದು. ವಾರಕ್ಕೊಂದು ಕಂತು ಬಿಡುವ ಸರಣಿಯಾದರೆ, ಎಲ್ಲ ಕಂತು ಬಂದ ಮೇಲೆ ಸೇರಿಕೊಳ್ಳಿ. ಗುಟ್ಟು ಒಂದೇ: ಚಂದಾ ಕಟ್ಟಿದ ದಿನವೇ ರದ್ದು ಒತ್ತಿಬಿಡಿ. ಬಹಳಷ್ಟು ಸೇವೆಗಳಲ್ಲಿ ರದ್ದು ಮಾಡಿದರೂ ಕಟ್ಟಿದ ಅವಧಿ ಮುಗಿಯುವ ತನಕ ನೋಡಬಹುದು. ಮುಂದಿನ ತಿಂಗಳು ತಾನಾಗಿಯೇ ದುಡ್ಡು ಕಳೆಯುವುದಿಲ್ಲ, ನೆನಪಿಟ್ಟುಕೊಳ್ಳುವ ತಲೆನೋವೂ ಇಲ್ಲ. ಉಚಿತ ಟ್ರಯಲ್ ಆದರೆ ಮಾತ್ರ ಷರತ್ತು ಓದಿ. ರದ್ದು ಮಾಡಿದ ಕ್ಷಣವೇ ಮುಚ್ಚುವವರೂ ಇದ್ದಾರೆ.

ಯಾವ ಚಿತ್ರ ಯಾವುದರಲ್ಲಿದೆ ಅಂತ ಹುಡುಕಲು ಜಸ್ಟ್‌ವಾಚ್ ಇದೆ. ನಿಮ್ಮ ದೇಶ ಆರಿಸಿ ಹೆಸರು ಹಾಕಿದರೆ ಚಂದಾದಲ್ಲಿದೆಯಾ, ಬಾಡಿಗೆಗಿದೆಯಾ, ಉಚಿತವಾ ಅಂತ ತೋರಿಸುತ್ತದೆ. ನೋಡಬೇಕಾದ್ದರ ಪಟ್ಟಿಯನ್ನು ಅಲ್ಲೇ ಇಟ್ಟುಕೊಂಡರೆ, ಯಾವ ತಿಂಗಳು ಯಾವುದಕ್ಕೆ ಸೇರಬೇಕು ಅನ್ನುವುದು ಪಟ್ಟಿಯೇ ಹೇಳುತ್ತದೆ.

ತೊಂದರೆ ಏನಪ್ಪಾ ಅಂದರೆ ಮನೆಯಲ್ಲಿ ಜನ ಇದ್ದರೆ ಇದು ಜಗಳಕ್ಕೆ ದಾರಿ. ನಿಮ್ಮ ಸರದಿ ಮುಗಿದರೂ ತಂಗಿಯ ಸರಣಿ ಮುಗಿದಿರುವುದಿಲ್ಲ. ವಾರ್ಷಿಕ ಚಂದಾದ ರಿಯಾಯಿತಿಯೂ ಸಿಗುವುದಿಲ್ಲ. ಆದರೆ ಒಬ್ಬರೋ ಇಬ್ಬರೋ ಇರುವ ಮನೆಗೆ, ಹೊಸದನ್ನೇ ಜಾಸ್ತಿ ನೋಡುವವರಿಗೆ, ಇದಕ್ಕಿಂತ ಒಳ್ಳೆಯದು ಇಲ್ಲ. ನನ್ನ ಮಾತು ಕೇಳುವುದಾದರೆ ಇಲ್ಲಿಂದಲೇ ಶುರು ಮಾಡಿ.

ಉಚಿತವಾಗಿ ಸಿಗುವುದು ಎಷ್ಟಿದೆ ಅಂತ ಗೊತ್ತಾ?

ಉಚಿತ ಅಂದ ಕೂಡಲೇ ಕಳ್ಳ ಕಾಪಿ ನೆನಪಾಗುತ್ತದೆ. ಹಾಗಿಲ್ಲ. ಟ್ಯೂಬಿ, ಪ್ಲೂಟೋ ಟಿವಿಯಂಥವು ಜಾಹೀರಾತಿನ ದುಡ್ಡಿನಲ್ಲೇ ನಡೆಯುತ್ತವೆ, ಕೆಲವು ದೇಶಗಳಲ್ಲಿ ಮಾತ್ರ. ಪ್ಲೂಟೋದಲ್ಲಿ ಹಳೆಯ ಟಿವಿಯ ಹಾಗೆ ಚಾನೆಲ್‌ಗಳಿವೆ, ಹಾಕಿದರೆ ಓಡುತ್ತಿರುತ್ತದೆ. ಬಟ್ಟೆ ಮಡಚುವ ರಾಶಿಗೆ ಇದು ಸರಿಹೊಂದುತ್ತದೆ. ಜಾಹೀರಾತು ಬರುತ್ತದೆ, ಬರಲಿ. ಮಡಚುತ್ತಿರುವವರಿಗೆ ಏನಂತೆ?

ನನಗೆ ನಿಜಕ್ಕೂ ಖುಷಿ ಕೊಟ್ಟಿದ್ದು ಬೇರೆ. ರಷ್ಯಾದ ಮೋಸ್‌ಫಿಲ್ಮ್ ಸ್ಟುಡಿಯೋ ತನ್ನ ಹಳೆಯ ಚಿತ್ರಗಳನ್ನು ಯೂಟ್ಯೂಬ್‌ನಲ್ಲಿ ತಾನೇ ಹಾಕಿದೆ, ಎಷ್ಟೋ ಚಿತ್ರಗಳಿಗೆ ಸಬ್‌ಟೈಟಲ್ ಕೂಡ ಇದೆ. ಕೊರಿಯಾದ ಫಿಲ್ಮ್ ಆರ್ಕೈವ್ ಕೂಡ ಹಾಗೇ ಮಾಡಿದೆ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ 1939ರಿಂದ ಚಿತ್ರ ಮಾಡುತ್ತಾ ಬಂದ ಸರ್ಕಾರಿ ಸಂಸ್ಥೆ. ಅದರ ಸಾವಿರಾರು ಸಾಕ್ಷ್ಯಚಿತ್ರ, ಅನಿಮೇಷನ್‌ಗಳು ಅದರ ಸೈಟಿನಲ್ಲೇ ಪುಕ್ಕಟೆ. ಅನಿಮೇಷನ್ ಇಷ್ಟಪಡುವವರು ಒಂದು ಸಂಜೆ ಅಲ್ಲಿ ಹೋಗಿ ಕೂತರೆ ಏಳುವುದಿಲ್ಲ. ಜರ್ಮನಿ, ಫ್ರಾನ್ಸ್ ಸೇರಿ ನಡೆಸುವ ಆರ್ಟೆ ವಾಹಿನಿಯ ಸಾಕ್ಷ್ಯಚಿತ್ರಗಳೂ ಹಲವು ಭಾಷೆಗಳಲ್ಲಿ ಸಿಗುತ್ತವೆ.

1996ರಲ್ಲಿ ಶುರುವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಹಕ್ಕುಸ್ವಾಮ್ಯ ಮುಗಿದ ಹಳೆಯ ಚಿತ್ರಗಳಿವೆ. ಅಮೆರಿಕದ ಕಾನೂನಿನಲ್ಲಿ ಆ ಕಾಲದ ಚಿತ್ರಗಳಿಗೆ 95 ವರ್ಷದ ರಕ್ಷಣೆ. ಹಾಗಾಗಿ 1929ರಲ್ಲಿ ಬಿಡುಗಡೆಯಾದವು 2025ರ ಜನವರಿ 1ಕ್ಕೆ ಎಲ್ಲರ ಸ್ವತ್ತಾದವು. ಪ್ರತಿ ಹೊಸ ವರ್ಷಕ್ಕೂ ಇನ್ನೊಂದು ವರ್ಷದ ಚಿತ್ರಗಳು ಈ ಸಾಲಿಗೆ ಸೇರುತ್ತವೆ. ಆದರೆ ಅಲ್ಲಿ ಯಾರು ಬೇಕಾದರೂ ಅಪ್‌ಲೋಡ್ ಮಾಡಬಹುದು, ಇರುವುದೆಲ್ಲ ಹಕ್ಕು ಮುಗಿದದ್ದೇ ಅಂತ ನಂಬಬೇಡಿ. ಒಂದೇ ಚಿತ್ರದ ಐದಾರು ಪ್ರತಿ ಇರುತ್ತವೆ, ಮೊದಲು ಸಿಕ್ಕಿದ್ದು ಮಸುಕಾಗಿದ್ದರೆ ಬೇಸರ ಮಾಡಿಕೊಳ್ಳದೆ ಮುಂದಿನದನ್ನು ತೆರೆಯಿರಿ.

ಗ್ರಂಥಾಲಯವನ್ನು ಮರೆಯಬೇಡಿ. ಕನೋಪಿ, ಹೂಪ್ಲಾ ಅನ್ನುವ ಸೇವೆಗಳು ಗ್ರಂಥಾಲಯದ ಕಾರ್ಡ್ ಇದ್ದವರಿಗೆ ಚಿತ್ರ ತೋರಿಸುತ್ತವೆ, ದುಡ್ಡು ಗ್ರಂಥಾಲಯ ಕಟ್ಟುತ್ತದೆ. ನಿಮ್ಮ ಗ್ರಂಥಾಲಯ ಸೇರಿರಬೇಕು, ತಿಂಗಳಿಗೆ ಇಷ್ಟೇ ಅಂತ ಮಿತಿಯೂ ಇರುತ್ತದೆ. ಸೇರಿಲ್ಲದಿದ್ದರೂ ಡಿಸ್ಕ್ ಇಟ್ಟಿದ್ದಾರಾ ಅಂತ ಕೇಳಿ ನೋಡಿ. ಆ್ಯಂಟೆನಾ ಹಾಕಿ ಹಿಡಿಯುವ ಟಿವಿಯೂ ಒಂದು ದಾರಿಯೇ. ಸುದ್ದಿ, ಆಟ ಅಷ್ಟೇ ಸಾಕು ಅನ್ನುವವರಿಗೆ ಅದು ನಡೆಯುತ್ತದೆ, ಸಿನಿಮಾ ಹುಚ್ಚಿನವರಿಗೆ ಅಲ್ಲ.

ಬಾಡಿಗೆ ಸರಿ, 'ಖರೀದಿ' ಹುಷಾರು

ಹೊಸ ಚಿತ್ರ ತಿಂಗಳಿಗೆ ಒಂದೋ ಎರಡೋ ನೋಡುವವರು ಚಂದಾ ಬಿಟ್ಟು ಡಿಜಿಟಲ್ ಬಾಡಿಗೆಗೆ ಹೋಗಬಹುದು. ಸಾಮಾನ್ಯವಾಗಿ 30 ದಿನದೊಳಗೆ ಶುರು ಮಾಡಬೇಕು, ಶುರು ಮಾಡಿದ 48 ಗಂಟೆಯೊಳಗೆ ಮುಗಿಸಬೇಕು. ನೋಡಿದಷ್ಟಕ್ಕೆ ದುಡ್ಡು, ನೋಡದಿದ್ದರೆ ಇಲ್ಲ. ಲೆಕ್ಕ ಚೊಕ್ಕ.

ಅದೇ ಪುಟದಲ್ಲಿ 'ಖರೀದಿಸಿ' ಅನ್ನುವ ಬಟನ್ ಇರುತ್ತದಲ್ಲ, ಅದನ್ನು ಒತ್ತುವ ಮುಂಚೆ ನಿಲ್ಲಿ. ನೀವು ಕೊಳ್ಳುವುದು ಚಿತ್ರವನ್ನಲ್ಲ, ಅದನ್ನು ನೋಡುವ ಪರವಾನಗಿಯನ್ನು. 2023ರ ಡಿಸೆಂಬರ್‌ನಲ್ಲಿ ಸೋನಿ ಕಂಪನಿ, ಪ್ಲೇಸ್ಟೇಷನ್‌ನಲ್ಲಿ ಜನ ದುಡ್ಡು ಕೊಟ್ಟು 'ಕೊಂಡಿದ್ದ' ಡಿಸ್ಕವರಿ ಕಾರ್ಯಕ್ರಮಗಳು ತಿಂಗಳ ಕೊನೆಗೆ ಅವರ ಲೈಬ್ರರಿಯಿಂದ ಹೋಗುತ್ತವೆ ಅಂತ ತಿಳಿಸಿತು. ಜನ ರೇಗಿದರು. ಕೊನೆಗೆ ಹೊಸ ಒಪ್ಪಂದವಾಗಿ ಸದ್ಯಕ್ಕೆ ತೆಗೆಯುವುದಿಲ್ಲ ಅಂದರು. ಸದ್ಯಕ್ಕೆ! ಅದಕ್ಕೂ ಮುಂಚೆ, 2011ರಲ್ಲಿ ಹಲವು ಸ್ಟುಡಿಯೋಗಳು ಸೇರಿ ಅಲ್ಟ್ರಾವಯಲೆಟ್ ಅಂತ ಡಿಜಿಟಲ್ ಕಪಾಟು ತಂದಿದ್ದವು. ಅದು 2019ರ ಜುಲೈ 31ಕ್ಕೆ ಬಾಗಿಲು ಹಾಕಿತು. ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನನ್ನೇ ಮಾಡಿತು: ಕೊಡುತ್ತಿರುವುದು ಪರವಾನಗಿ ಮಾತ್ರ ಅನ್ನುವುದನ್ನು ಎದ್ದು ಕಾಣುವ ಹಾಗೆ ಹೇಳದೆ 'ಖರೀದಿಸಿ' ಅನ್ನಬಾರದು ಅಂತ.

ಹೀಗಾಗಿ ನನ್ನ ಮಟ್ಟಿಗೆ ಬಾಡಿಗೆ ಎಂದರೆ ಹೌದು. ಡಿಜಿಟಲ್ ಖರೀದಿಗೆ ಕೈ ಹಾಕುವುದು ಬೇರೆಲ್ಲೂ ಸಿಗದಿದ್ದಾಗ ಮಾತ್ರ.

ಡಿಸ್ಕ್: ಹಳೆಯದು ಅಂತ ನಗಬೇಡಿ

ಅಮ್ಮನ ಸರಣಿಗೆ ಕೊನೆಗೆ ಮೋಕ್ಷ ಸಿಕ್ಕಿದ್ದು ಇಲ್ಲಿ. ಎಲ್ಲ ಸೀಸನ್‌ಗಳ ಡಿವಿಡಿ ಪೆಟ್ಟಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು. ಮೂಲೆ ಒಡೆದಿತ್ತು, ಯಾರದೋ ಮಗು ಮುಚ್ಚಳದ ಮೇಲೆ ಪೆನ್ನಿನಲ್ಲಿ ಗೀಚಿತ್ತು. ಡಿಸ್ಕುಗಳು ಮಾತ್ರ ಚೆನ್ನಾಗಿದ್ದವು. ಮೂರನೇ ಸೀಸನ್ನಿನ ಐದನೇ ಕಂತಿನಿಂದ ಮತ್ತೆ ಶುರು, ರಾತ್ರಿಗೊಂದು. ಕೊಂದವನು ಭಾವಮೈದುನ. ಎರಡನೇ ಕಂತಿನಲ್ಲೇ ಹೇಳಿದ್ದೆ ಅಂದಳು ಅಮ್ಮ. ಹೇಳಿದ್ದಳು, ಒಪ್ಪಬೇಕು.

ಡಿಸ್ಕಿನ ದೊಡ್ಡ ಗುಣ ಅಂದರೆ ಯಾರೂ ವಾಪಸ್ ಕಿತ್ತುಕೊಳ್ಳುವುದಿಲ್ಲ. ನೋಡಿದ ಮೇಲೆ ಬೇಕಾದವರಿಗೆ ಕೊಡಬಹುದು, ಮಾರಬಹುದು. ಇಂಟರ್ನೆಟ್ ಹೋದರೂ ಓಡುತ್ತದೆ. ಡಿವಿಡಿಯ ನಂತರ ಬಂದ ಬ್ಲೂ-ರೇ ಡಿಸ್ಕಾದರೆ ಚಿತ್ರದ ಗುಣಮಟ್ಟದಲ್ಲೂ ಇದೇ ಮೇಲು. ಸೆಕೆಂಡಿಗೆ ಬರುವ ಮಾಹಿತಿ ಜಾಸ್ತಿಯಾದಷ್ಟೂ ಚಿತ್ರ ಚೊಕ್ಕ. ಫುಲ್ ಎಚ್‌ಡಿಗೆ ಸೆಕೆಂಡಿಗೆ 5 ಮೆಗಾಬಿಟ್, 4ಕೆಗೆ 15 ಮೆಗಾಬಿಟ್ ವೇಗದ ಇಂಟರ್ನೆಟ್ ಇರಲಿ ಅನ್ನುತ್ತದೆ ನೆಟ್‌ಫ್ಲಿಕ್ಸ್. ಮಾಮೂಲಿ ಬ್ಲೂ-ರೇ ಡಿಸ್ಕಿನಲ್ಲಿ ವಿಡಿಯೋಗೇ ಸೆಕೆಂಡಿಗೆ 40 ಮೆಗಾಬಿಟ್ ತನಕ ಜಾಗವಿದೆ, 4ಕೆ ಡಿಸ್ಕಿನಲ್ಲಿ ಅದಕ್ಕಿಂತಲೂ ತುಂಬಾ ಜಾಸ್ತಿ. ಇದರ ವ್ಯತ್ಯಾಸ ಹಗಲಿನ ದೃಶ್ಯದಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಕತ್ತಲ ಕೋಣೆ, ಮಂಜು, ಹೊಗೆ ಬರಲಿ, ಆಗ ನೋಡಿ. ಸ್ಟ್ರೀಮಿಂಗ್‌ನಲ್ಲಿ ಕಪ್ಪು ಬಣ್ಣ ಚೌಕ ಚೌಕವಾಗಿ ಒಡೆದು ಪಟ್ಟಿ ಪಟ್ಟಿಯಾಗುತ್ತದೆ. ಡಿಸ್ಕಿನಲ್ಲಿ ಕಪ್ಪು ಕಪ್ಪಾಗೇ ಇರುತ್ತದೆ.

ಕೊಳ್ಳುವಾಗ ರೀಜನ್ ನೋಡಿಕೊಳ್ಳಿ. ಡಿವಿಡಿಗೆ 1ರಿಂದ 6ರ ತನಕ ಪ್ರದೇಶದ ಅಂಕಿ, ಬ್ಲೂ-ರೇಗೆ ಎ, ಬಿ, ಸಿ. ಬೇರೆ ಪ್ರದೇಶದ ಡಿಸ್ಕ್ ನಿಮ್ಮ ಪ್ಲೇಯರ್‌ನಲ್ಲಿ ಓಡದೆ ಹೋಗಬಹುದು. 4ಕೆ ಡಿಸ್ಕಿಗೆ ಈ ರಗಳೆ ಇಲ್ಲ. ಇನ್ನೊಂದು ಕಹಿ ಮಾತು: ಪ್ಲೇಯರ್ ಮಾಡುವವರೇ ಕಡಿಮೆಯಾಗುತ್ತಿದ್ದಾರೆ, ಎಲ್‌ಜಿ 2024ರಲ್ಲಿ ಬ್ಲೂ-ರೇ ಪ್ಲೇಯರ್ ನಿಲ್ಲಿಸಿತು. ಕೊಳ್ಳುವ ಮನಸ್ಸಿದ್ದರೆ ತಡ ಮಾಡಬೇಡಿ. ಮತ್ತೆ, ಸ್ಟ್ರೀಮಿಂಗ್‌ಗೆಂದೇ ಮಾಡಿದ ಎಷ್ಟೋ ಸರಣಿಗಳು ಡಿಸ್ಕಿನಲ್ಲಿ ಬರುವುದೇ ಇಲ್ಲ. ಅಂಥವನ್ನು ಆ ಸೇವೆಯಿಂದ ತೆಗೆದರೆ ಮುಗಿಯಿತು. 2022, 23ರಲ್ಲಿ ಹಲವು ಕಂಪನಿಗಳು ಖರ್ಚು ಉಳಿಸಲು ತಮ್ಮದೇ ಸರಣಿಗಳನ್ನು ತೆಗೆದುಹಾಕಿದಾಗ ಕೆಲವು ಹೀಗೇ ಕಾಣೆಯಾದವು.

ಮನೆಯಲ್ಲೇ ಸರ್ವರ್: ಮೂಗಿಗಿಂತ ಮೂಗುತಿ ಭಾರ ಆಗದಂತೆ

ಡಿಸ್ಕ್ ಜಾಸ್ತಿಯಾದ ಮೇಲೆ ಎದ್ದು ಹೋಗಿ ಹಾಕುವುದು ಬೇಸರ. ಆಗ ಬರುವ ಆಸೆಯೇ ಇದು: ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ತುಂಬಿ, ಟಿವಿಯಲ್ಲಿ ನಮ್ಮದೇ ಒಟಿಟಿ ಮಾಡಿಕೊಳ್ಳುವುದು. ಪೋಸ್ಟರ್ ಕಾಣುತ್ತದೆ, ಎಲ್ಲಿ ನಿಲ್ಲಿಸಿದ್ದಿರಿ ಅನ್ನುವುದು ನೆನಪಿರುತ್ತದೆ, ಜಾಹೀರಾತಿಲ್ಲ.

ಇದಕ್ಕೆ ಮುಖ್ಯವಾಗಿ ಎರಡು ಸಾಫ್ಟ್‌ವೇರ್. ಪ್ಲೆಕ್ಸ್ ಹಾಕುವುದು ಸುಲಭ, ಬಹುತೇಕ ಎಲ್ಲ ಟಿವಿಗೂ ಆ್ಯಪ್ ಇದೆ. ಆದರೆ ಅದು ಕಂಪನಿಯ ಸರಕು. 2025ರ ಏಪ್ರಿಲ್ ಕೊನೆಯಿಂದ, ನಿಮ್ಮದೇ ಫೈಲನ್ನು ಮನೆಯಾಚೆಯಿಂದ ನೋಡಲೂ ದುಡ್ಡು ಕಟ್ಟಬೇಕು ಅಂತ ಮಾಡಿತು. ಚಂದಾದಿಂದ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದು ಚಂದಾ! ಜೆಲ್ಲಿಫಿನ್ ಪೂರ್ತಿ ಉಚಿತ, ಓಪನ್ ಸೋರ್ಸ್, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ಬದಲಿಸಬಹುದು. ಎಂಬಿ (Emby) ಅನ್ನುವ ಸಾಫ್ಟ್‌ವೇರ್ ತನ್ನ ಕೋಡನ್ನು ಮುಚ್ಚಿಕೊಂಡಾಗ, 2018ರ ಡಿಸೆಂಬರ್‌ನಲ್ಲಿ ಕೆಲವರು ಅದರಿಂದ ಕವಲೊಡೆದು ಇದನ್ನು ಕಟ್ಟಿದರು. ಸ್ವಲ್ಪ ಕೈ ಕೆಸರು ಮಾಡಿಕೊಳ್ಳಬೇಕು, ಆದರೆ ನಾಳೆ ಯಾರೂ ಷರತ್ತು ಬದಲಿಸುವುದಿಲ್ಲ. ನಾನು ಜೆಲ್ಲಿಫಿನ್ ಪಕ್ಷ. ಮನೆಯವರಿಗೆ ಕಂಪ್ಯೂಟರ್ ಅಂದರೆ ಆಗದು, ನಿಮಗೂ ಅಷ್ಟಕ್ಕಷ್ಟೇ ಅಂದರೆ ಪ್ಲೆಕ್ಸ್ ವಾಸಿ.

ಯಂತ್ರ ದೊಡ್ಡದು ಬೇಕಿಲ್ಲ. ಇಂಟೆಲ್ ಎನ್100 ಚಿಪ್ಪಿನ ಅಂಗೈಯಗಲದ ಮಿನಿ ಪಿಸಿ ಧಾರಾಳ ಸಾಕು. ಸುಮ್ನೆ ಇರುವಾಗ 10 ವ್ಯಾಟ್ ಆಸುಪಾಸು ಎಳೆಯುತ್ತದೆ ಅಂದುಕೊಂಡರೂ ತಿಂಗಳಿಗೆ ಸುಮಾರು 7 ಯೂನಿಟ್ ಕರೆಂಟು. ಬ್ಲೂ-ರೇ ಚಿತ್ರವನ್ನು ಕುಗ್ಗಿಸದೆ ಇಟ್ಟರೆ ಸುಮಾರು 30 ಜಿಬಿ, ಅಂದರೆ 4 ಟಿಬಿ ಹಾರ್ಡ್ ಡಿಸ್ಕಿನಲ್ಲಿ 130 ಚಿತ್ರ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಕುಗ್ಗಿಸಿದರೆ ಅದರ ಮೂರು ನಾಲ್ಕು ಪಟ್ಟು ಹಿಡಿಯುತ್ತದೆ.

ಫೈಲಿಗೆ ಹೆಸರಿಡುವುದರಲ್ಲಿ ಸೋಮಾರಿತನ ಬೇಡ. ಚಿತ್ರದ ಹೆಸರು, ಅದರ ಮುಂದೆ ಕಂಸದಲ್ಲಿ ಬಿಡುಗಡೆಯ ವರ್ಷ, ಚಿತ್ರಕ್ಕೊಂದು ಫೋಲ್ಡರ್. ಒಂದೇ ಹೆಸರಿನ ಚಿತ್ರ ಹತ್ತು ಬಂದಿರುತ್ತವೆ. ವರ್ಷ ಹಾಕದೆ ಬಿಟ್ಟಿದ್ದಕ್ಕೆ ನಮ್ಮನೆಯಲ್ಲಿ ಒಂದು ಮಕ್ಕಳ ಚಿತ್ರಕ್ಕೆ ರಕ್ತಸಿಕ್ತ ಪೋಸ್ಟರ್ ಬಂದು ಕೂತಿತ್ತು.

ಇನ್ನೊಂದು ತಲೆ ಕೆಡಿಸಿದ ಸಂಗತಿ ಹೇಳುತ್ತೇನೆ. ಚಿತ್ರ ಚೆನ್ನಾಗಿ ಓಡುತ್ತಿರುತ್ತದೆ. ಸಬ್‌ಟೈಟಲ್ ಆನ್ ಮಾಡಿದ ಕೂಡಲೇ ತಡವರಿಸುತ್ತದೆ, ಮಿನಿ ಪಿಸಿಯ ಫ್ಯಾನ್ ಕೂಗತೊಡಗುತ್ತದೆ. ನೆಟ್‌ವರ್ಕ್ ಬೈದೆ, ಕೇಬಲ್ ಬದಲಿಸಿದೆ, ಎರಡು ಭಾನುವಾರ ಹೋದವು. ವಿಷಯ ಏನಂದರೆ ಬ್ಲೂ-ರೇಯ ಸಬ್‌ಟೈಟಲ್ ಅಕ್ಷರಗಳಲ್ಲ, ಚಿತ್ರಗಳು. ಟಿವಿಯ ಆ್ಯಪ್‌ಗೆ ಅವನ್ನು ತೋರಿಸಲು ಬಾರದಿದ್ದರೆ, ಸರ್ವರ್ ಒಂದೊಂದು ಫ್ರೇಮಿನ ಮೇಲೂ ಅವನ್ನು ಅಂಟಿಸಿ ಇಡೀ ವಿಡಿಯೋವನ್ನು ಹೊಸದಾಗಿ ಮಾಡಿ ಕಳಿಸಬೇಕು. ಇದಕ್ಕೆ ಟ್ರಾನ್ಸ್‌ಕೋಡಿಂಗ್ ಅನ್ನುತ್ತಾರೆ. ಅಕ್ಷರರೂಪದ ಎಸ್‌ಆರ್‌ಟಿ ಫೈಲನ್ನು ಅದೇ ಫೋಲ್ಡರಿನಲ್ಲಿ ಇಟ್ಟೆ. ಫ್ಯಾನ್ ಬಾಯಿ ಮುಚ್ಚಿತು.

ಬ್ಯಾಕಪ್ ಇಡಿ. ನನ್ನ ಮೊದಲ ಹಾರ್ಡ್ ಡಿಸ್ಕ್ ಹದಿನಾಲ್ಕನೇ ತಿಂಗಳಿಗೆ ಟಿಕ್ ಟಿಕ್ ಅನ್ನಲು ಶುರು ಮಾಡಿ ಮೂರನೇ ದಿನಕ್ಕೆ ಸತ್ತಿತು. ಚಿತ್ರಗಳು ಹೋದರೆ ಕಪಾಟಿನಲ್ಲಿರುವ ಡಿವಿಡಿ, ಬ್ಲೂ-ರೇಯಿಂದ ಮತ್ತೆ ತೆಗೆಯಬಹುದು. ಅದರ ಜೊತೆ ತುಂಬಿಟ್ಟಿದ್ದ ಮನೆಯ ವಿಡಿಯೋಗಳನ್ನು ಎಲ್ಲಿಂದ ತರುವುದು? ಮನೆಯಾಚೆಯಿಂದ ನೋಡುವ ಆಸೆಗೆ ರೂಟರ್‌ನಲ್ಲಿ ಪೋರ್ಟ್ ತೆರೆದಿಡಬೇಡಿ, ಅದು ಹೊರಗಿನವರಿಗೆ ಬಾಗಿಲು ತೆರೆದಿಟ್ಟ ಹಾಗೆ. ಟೇಲ್‌ಸ್ಕೇಲ್‌ನಂಥ ವಿಪಿಎನ್ ಬಳಸಿ, ಅದು ನಿಮ್ಮ ಸಾಧನಗಳ ನಡುವಿನ ಖಾಸಗಿ ದಾರಿ.

ಕಾನೂನಿನ ಮಾತು ಒಂದಿದೆ. ಡಿಸ್ಕಿನಿಂದ ಫೈಲ್ ತೆಗೆಯಬೇಕಾದರೆ ಅದರ ಬೀಗ ಮುರಿಯಬೇಕು. ಅಮೆರಿಕದ 1998ರ ಕಾನೂನಿನಲ್ಲಿ ಬೀಗ ಮುರಿಯುವುದೇ ತಪ್ಪು, ಡಿಸ್ಕ್ ನಿಮ್ಮದೇ ಆಗಿದ್ದರೂ. ಬ್ರಿಟನ್ 2014ರಲ್ಲಿ ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳಲು ಬಿಟ್ಟಿತ್ತು, 2015ರಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ರದ್ದು ಮಾಡಿತು. ದೇಶದಿಂದ ದೇಶಕ್ಕೆ ಬೇರೆ. ನಿಮ್ಮಲ್ಲಿ ಹೇಗೆ ಅಂತ ನೋಡಿಕೊಂಡು ಮುಂದೆ ಹೋಗಿ.

ಇಷ್ಟೆಲ್ಲ ಯಾರಿಗೆ ಬೇಕು? ಮತ್ತೆ ಮತ್ತೆ ನೋಡುವ ರಾಶಿ ದೊಡ್ಡದಿದ್ದವರಿಗೆ, ಮತ್ತು ಈ ಕೆಲಸವೇ ಖುಷಿ ಅನ್ನುವವರಿಗೆ. ಎರಡೂ ಬೇಕು. ಬರೀ ದುಡ್ಡು ಉಳಿಸಲು ಇಳಿದರೆ ಯಂತ್ರ, ಡಿಸ್ಕು, ಬ್ಯಾಕಪ್ಪಿಗೆ ಇನ್ನೊಂದು ಡಿಸ್ಕು ಅಂತ ಖರ್ಚು ಏರಿ, ಚಂದಾವೇ ಅಗ್ಗವಿತ್ತಲ್ಲ ಅನ್ನಿಸುತ್ತದೆ.

ಕಳ್ಳ ಕಾಪಿ

ಎಲ್ಲರೂ ಮನಸ್ಸಲ್ಲಿ ಇಟ್ಟುಕೊಂಡಿರುವ ದಾರಿ ಇದು, ಅಲ್ವಾ? ಸಿಟ್ಟು ನನಗೂ ಅರ್ಥವಾಗುತ್ತದೆ. ದುಡ್ಡು ಕಟ್ಟಿಯೂ ಸಿಗದೇ ಇದ್ದಾಗ ಮನಸ್ಸು ಅತ್ತ ಹೋಗುತ್ತದೆ. ಆದರೂ ಈ ಹೋಲಿಕೆಯಲ್ಲಿ ಅದಕ್ಕೆ ಸಾಲು ಹಾಕಲಿಲ್ಲ. ಕಾನೂನಿಗೆ ವಿರುದ್ಧ ಅನ್ನುವುದು ಒಂದು, ಚಿತ್ರ ಮಾಡಿದವರಿಗೆ ಏನೂ ಹೋಗುವುದಿಲ್ಲ ಅನ್ನುವುದು ಇನ್ನೊಂದು. ಅದನ್ನೆಲ್ಲ ಬದಿಗಿಟ್ಟರೂ, ಎಲ್ಲ ಚಾನೆಲ್ ಪುಕ್ಕಟೆ ಅಂತ ಮಾರುವ ಹೆಸರಿಲ್ಲದ ಟಿವಿ ಬಾಕ್ಸ್‌ಗಳನ್ನು ಮನೆಯೊಳಗೆ ಬಿಡಬೇಡಿ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಇಂಥವುಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಬ್ಯಾಡ್‌ಬಾಕ್ಸ್ 2.0 ಅನ್ನುವ ಜಾಲ ಲಕ್ಷಾಂತರ ಸಾಧನಗಳನ್ನು ಹಿಡಿದಿತ್ತು, ಕೆಲವದರಲ್ಲಿ ಕೊಳ್ಳುವ ಮುಂಚೆಯೇ ಕೇಡಿನ ಸಾಫ್ಟ್‌ವೇರ್ ತುಂಬಿತ್ತು. ಬಾಕ್ಸ್ ನಿಮ್ಮ ಟಿವಿಯಲ್ಲಿ ಸಿನಿಮಾ ತೋರಿಸುತ್ತಿರುತ್ತದೆ, ನಿಮ್ಮ ಇಂಟರ್ನೆಟ್‌ನಲ್ಲಿ ಇನ್ಯಾರೋ ತಮ್ಮ ಕೆಲಸ ಮಾಡಿಕೊಳ್ಳುತ್ತಿರುತ್ತಾರೆ.

ಚೀಟಿಯನ್ನು ಮತ್ತೆ ತೆಗೆಯಿರಿ

ಒಮ್ಮೆ ನೋಡುವ ರಾಶಿಯೇ ದೊಡ್ಡದಾಗಿದ್ದರೆ ಸರದಿ ಚಂದಾ. ಆ ರಾಶಿಯೂ ತಿಂಗಳಿಗೆ ಎರಡು ಚಿತ್ರ ದಾಟದಿದ್ದರೆ ಅದೂ ಬೇಡ, ಬಾಡಿಗೆ ಸಾಕು. ಹಳೆಯದನ್ನೇ ತಿರುಗಿಸಿ ನೋಡುವವರು ಡಿಸ್ಕಿಗೆ ಬನ್ನಿ. ನಲವತ್ತು ಐವತ್ತು ಡಿಸ್ಕ್ ಆಗುವ ತನಕ ಸರ್ವರ್ ಮಾತು ಬೇಡ. ಹಿನ್ನೆಲೆಗೆ ಓಡಿಸುವವರಿಗೆ ಉಚಿತದ್ದೇ ಬೇಕಾದಷ್ಟಿದೆ. ಚಿಕ್ಕ ಮಕ್ಕಳಿರುವ ಮನೆಯವರಿಗೆ ಒಂದು ಮಾತು: ಮಕ್ಕಳು ಒಂದೇ ಚಿತ್ರವನ್ನು ನೂರು ಸಲ ನೋಡುತ್ತಾರೆ, ಅವರಷ್ಟು ಡಿಸ್ಕಿಗೆ ಹೇಳಿ ಮಾಡಿಸಿದವರು ಯಾರೂ ಇಲ್ಲ. ಬರೀ ಕ್ರೀಡೆಗಾಗಿ ಚಂದಾ ಇಟ್ಟುಕೊಂಡವರಿಗೆ ಮಾತ್ರ ನನ್ನ ಹತ್ತಿರ ಸಮಾಧಾನ ಇಲ್ಲ. ನೇರ ಪ್ರಸಾರದ ಹಕ್ಕು ಯಾರ ಹತ್ತಿರ ಇದೆಯೋ ಅವರ ಕಾಲು ಹಿಡಿಯಲೇಬೇಕು. ಟೂರ್ನಿ ಮುಗಿದ ದಿನ ಬಿಟ್ಟುಬಿಡಿ, ಅಷ್ಟೇ.

ಈಗ ನಮ್ಮನೆಯಲ್ಲಿ ಒಂದು ಹೊತ್ತಿಗೆ ಒಂದೇ ಚಂದಾ, ಅದೂ ವರ್ಷಕ್ಕೆ ಐದಾರು ತಿಂಗಳು. ಉಳಿದದ್ದು ಕಪಾಟು, ಮಿನಿ ಪಿಸಿ, ಯೂಟ್ಯೂಬ್.

ರದ್ದು ಮಾಡಲು ಹೊರಟವರಿಗೆ ಕೊನೆಯ ಎರಡು ಕೆಲಸ. 'ನನ್ನ ಪಟ್ಟಿ'ಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಕೆಲವು ತಿಂಗಳಾದ ಮೇಲೆ ಅವರು ಅದನ್ನು ಅಳಿಸಿಬಿಡಬಹುದು. ಆಮೇಲೆ ಚಂದಾ ಎಲ್ಲಿಂದ ಕಟ್ಟಿದ್ದಿರಿ ಅಂತ ನೋಡಿ. ಫೋನಿನ ಆ್ಯಪ್ ಸ್ಟೋರ್ ಮೂಲಕ ಕಟ್ಟಿದ್ದರೆ ಅಲ್ಲೇ ಹೋಗಿ ನಿಲ್ಲಿಸಬೇಕು. ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ. ಏಳು ತಿಂಗಳು ತೆರೆಯದೇ ಇದ್ದ ನನ್ನ ಚಂದಾ ಓಡುತ್ತಿದ್ದದ್ದು ಹಾಗೆಯೇ.